ಅತ್ತೆಯ ಕುಂಬಳಕಾಯಿ, ಮಾದರಿ ಸಂಖ್ಯೆ ೪೧೭

ಚೀಟಿರಾಯರಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಆಹಾರ ಪರೀಕ್ಷಾಲಯದ ಕೌಂಟರಿನಲ್ಲಿ ಇಪ್ಪತ್ತೆಂಟು ವರ್ಷ ಕೂತು, ಒಳಗೆ ಬಂದ ಒಂದೊಂದು ಡಬ್ಬಿ, ಬಾಟಲಿ, ಪೊಟ್ಟಣಕ್ಕೂ ಚೀಟಿ ಅಂಟಿಸಿದ ಮೇಲೆ ಆ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಚೀಟಿಯಲ್ಲಿ ಸಂಖ್ಯೆ, ವಸ್ತು ಏನು, ಯಾವತ್ತು ಬಂತು, ತೂಕ ಎಷ್ಟು ಎಂದು ಬರೆದು, ಕೆಳಗೆ ಗುಂಡಗಿನ ಅಕ್ಷರದಲ್ಲಿ ರುಜು ಹಾಕುವರು. ಪರೀಕ್ಷೆ ಮುಗಿದ ಮೇಲೆ ರಿಜಿಸ್ಟರಿನ ಕಡೇ ಕಾಲಂ ತುಂಬುವರು. ಆ ಕಾಲಮ್ಮಿನ ಹೆಸರು ‘ಉಳಿಕೆ’; ಮಾದರಿಯಲ್ಲಿ ಇನ್ನೆಷ್ಟು ಮಿಕ್ಕಿದೆ ಎಂಬ ಲೆಕ್ಕ. ಇಪ್ಪತ್ತೆಂಟು ವರ್ಷದ ರಿಜಿಸ್ಟರಿನಲ್ಲಿ ಒಂದು ಚಿತ್ತಿಲ್ಲ, ಒಂದು ಕಾಟಿಲ್ಲ.

“ಬಾಯಲ್ಲಿ ಏನಾದ್ರೂ ಅಂದಿರಬಹುದು. ಕಾಗದದ ಮೇಲೆ ಸುಳ್ಳು ಬರೆದವನಲ್ಲ ನಾನು” ಎಂದು ಅವರು ಎದೆ ತಟ್ಟಿಕೊಂಡು ಹೇಳುತ್ತಿದ್ದರು. ಈ ಮಾತನ್ನು ಓದುಗರು ದಯವಿಟ್ಟು ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳಬೇಕು.

ಚೀಟಿಯ ಚಟ ಮನೆಗೂ ಬಂದಿತ್ತು. ಬಾಗಿಲ ಹಿಂದಿನ ಕೊಡೆಯ ಮೇಲೆ ‘ಕೊಡೆ, ಕಪ್ಪು, ಒಂದು’ ಎಂಬ ಚೀಟಿ. ಗೋಡೆ ಗಡಿಯಾರದ ಮೇಲೆ ‘ಗಡಿಯಾರ, ಐದು ನಿಮಿಷ ಮುಂದೆ’ ಎಂಬ ಚೀಟಿ. ಮೂರು ವರ್ಷದ ಹಿಂದೆ ಅತ್ತೆ ಇವರ ಮನೆಗೇ ಬಂದು ನೆಲೆಸಿದಾಗ, ಪಾಪ, ಹೊಸ ಅಡುಗೆಮನೆಯಲ್ಲಿ ಹಿರಿಜೀವಕ್ಕೆ ಕಷ್ಟವಾಗಬಾರದು ಎಂದು ರಾಯರು ಒಂದು ಭಾನುವಾರ ಬೆಳಿಗ್ಗೆ ಕೂತು ಹಲಗೆಯ ಮೇಲಿನ ಹನ್ನೊಂದು ಡಬ್ಬಿಗಳಿಗೂ ಚೀಟಿ ಬರೆದು ಅಂಟಿಸಿದ್ದರು.

“ಹದಿನೆಂಟು ವರ್ಷದಿಂದ ನನ್ನ ಅಡುಗೆಮನೆ. ಯಾವ ಡಬ್ಬಿಯಲ್ಲಿ ಏನಿದೆ ಅಂತ ನನ್ನ ಕೈಗೇ ಗೊತ್ತು. ಚೀಟಿ ಯಾರಿಗೆ ಬೇಕು ರೀ?” ಎಂದು ಹೆಂಡತಿ ಆವತ್ತೇ ಹೇಳಿದ್ದಳು, ಆಮೇಲೆ ಆ ಚೀಟಿಗಳತ್ತ ಕಣ್ಣೆತ್ತಿ ನೋಡಿರಲಿಲ್ಲ. ಆ ಮನೆಯಲ್ಲಿ ರಾಯರ ಚೀಟಿಗಳನ್ನು ಓದುತ್ತಿದ್ದವರು ಅತ್ತೆ ಒಬ್ಬರೇ. ಅಳಿಯನ ಅಕ್ಷರದ ಮೇಲೆ ಅವರಿಗೆ ಅಷ್ಟು ಅಭಿಮಾನ.

ಅತ್ತೆ ಅಡುಗೆ ಮಾಡುತ್ತಿದ್ದದ್ದು ವರ್ಷಕ್ಕೆ ಒಂದೇ ದಿನ, ವರ್ಷದ ಕೊನೆಯ ದೊಡ್ಡ ರಜೆಯ ಊಟಕ್ಕೆ. ಮಾಡುತ್ತಿದ್ದದ್ದೂ ಒಂದೇ ಪದಾರ್ಥ. ಕುಂಬಳಕಾಯಿ ಬೇಯಿಸಿ, ನುಣ್ಣಗೆ ಕಿವುಚಿ, ಬೆಣ್ಣೆಯಲ್ಲಿ ಈರುಳ್ಳಿ ಕೆಂಪಗೆ ಹುರಿದು ಹಾಕಿ, ಮೇಲೆ ಮೆಣಸಿನ ಪುಡಿ ಉದುರಿಸುವುದು. ಒಂದು ಕಾಲದಲ್ಲಿ ಅದಕ್ಕಾಗಿ ನೆಂಟರು ಮುಂದಿನ ವರ್ಷದ ಪಾಲನ್ನು ಈ ವರ್ಷವೇ ಹೇಳಿಟ್ಟು ಹೋಗುತ್ತಿದ್ದರಂತೆ. ಆದರೆ ಮೂರು ವರ್ಷದಿಂದ ಆ ಕುಂಬಳಕಾಯಿಗೆ ಏನೋ ಆಗಿತ್ತು. ಏನು ಎಂದು ಯಾರೂ ಬಾಯಿ ಬಿಡುತ್ತಿರಲಿಲ್ಲ. ಎಪ್ಪತ್ತೆರಡು ವರ್ಷದ ಹೆಂಗಸಿಗೆ ಯಾರು ಹೇಳುತ್ತಾರೆ?

ಈ ವರ್ಷವೂ ರಜೆಯ ಊಟಕ್ಕೆ ಹೆಂಡತಿಯ ತಂಗಿ, ಅವಳ ಗಂಡ ಬಂದಿದ್ದರು. ರಾಯರ ಈ ಷಡ್ಡಕ ಹೊಗಳುವುದರಲ್ಲಿ ನಿಸ್ಸೀಮ. ಒಂದು ಚಮಚ ಕುಂಬಳಕಾಯಿ ಬಾಯಿಗಿಟ್ಟು, ಮಾತ್ರೆ ನುಂಗುವ ಹಾಗೆ ಒಂದು ಲೋಟ ನೀರು ಕುಡಿದು, “ಆಹಾಹಾ! ಅತ್ತೆ, ನಿಮ್ಮ ಕೈಗೆ ಬಂಗಾರದ ಬಳೆ ತೊಡಿಸ್ಬೇಕು!” ಅಂದ.

“ಇನ್ನೊಂದು ಚಮಚ ಹಾಕ್ಲಾ?”

“ಅಯ್ಯಯ್ಯೋ ಬೇಡಿ ಅತ್ತೆ, ಹೊಟ್ಟೆ ಬಿರಿದುಹೋಗತ್ತೆ!” ಎಂದವನು ಹುರಿದ ಆಲೂಗಡ್ಡೆಯ ತಟ್ಟೆಯನ್ನು ಮೂರನೇ ಸಲ ತನ್ನ ಕಡೆ ಎಳೆದುಕೊಂಡ. ಊಟ ಮುಗಿದಾಗ ಆಲೂಗಡ್ಡೆ ಖಾಲಿ, ಸೊಪ್ಪು ಖಾಲಿ, ಹಣ್ಣಿನ ಕೇಕಿನ ಚೂರೂ ಖಾಲಿ. ಕುಂಬಳಕಾಯಿಯ ಪಾತ್ರೆ ಮಾತ್ರ ಅಂಚಿನವರೆಗೂ ತುಂಬಿ ಹೊಳೆಯುತ್ತಿತ್ತು.

ಅಕ್ಕತಂಗಿಯರು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾ ಪಿಸುಗುಟ್ಟಿದರು. “ಮುಂದಿನ ವರ್ಷ ಕುಂಬಳಕಾಯಿ ಬೇಡ ಅಂತ ಅಮ್ಮನಿಗೆ ಹೇಗಾದ್ರೂ ಮಾಡಿ ಹೇಳ್ಬೇಕು ಕಣೆ.”

ತಿರುಗಿ ನೋಡಿದರೆ ಬಾಗಿಲಲ್ಲಿ ಅಮ್ಮ ಪಾತ್ರೆ ಹಿಡಿದು ನಿಂತಿದ್ದಾರೆ. ಮುಖದ ಮೇಲೆ ಕೋಪವಿರಲಿಲ್ಲ. ಇದ್ದಿದ್ದರೆ ವಾಸಿಯಿತ್ತು.

“ಬೇಡ ಅಂದ್ರೆ ಬಿಡೋಣಮ್ಮ. ಸೌಟು ನಿನ್ನ ಕೈಗೇ ಕೊಟ್ಬಿಡ್ತೀನಿ. ಅಳಿಯಂದ್ರ ಆಫೀಸಿನವರಾದ್ರೂ ಚಪ್ಪರಿಸ್ಕೊಂಡು ತಿಂತಾರಲ್ಲ, ನನಗಷ್ಟು ಸಾಕು” ಅಂದರು ಅತ್ತೆ.

ಇಲ್ಲಿ ರಾಯರ ಗುಟ್ಟೊಂದನ್ನು ಹೊರಗೆಡಹಲೇಬೇಕು. ಮೊದಲ ವರ್ಷ ತುಂಬಿದ ಪಾತ್ರೆ ನೋಡಿ ಅತ್ತೆಯ ಮುಖ ಬಾಡಿದ್ದನ್ನು ತಾಳಲಾರದೆ ಅವರು, “ನಮ್ಮ ಆಫೀಸಿನವರು ಕುಂಬಳಕಾಯಿ ತನ್ನಿ ತನ್ನಿ ಅಂತ ಪ್ರಾಣ ತಿಂತಿದ್ದಾರೆ ಅತ್ತೆ!” ಎಂದು ಬಾಯಿಗೆ ಬಂದದ್ದು ಹೇಳಿಬಿಟ್ಟಿದ್ದರು. ಮರುದಿನ ಪಾತ್ರೆ ಹೊತ್ತುಕೊಂಡು ಹೋಗಿ ಆಫೀಸಿನ ಹಿತ್ತಲಿನ ನಿಂಬೆಗಿಡದ ಬುಡದ ಗುಂಡಿಗೆ ಸುರಿದು, ತೊಳೆದ ಪಾತ್ರೆ ಮನೆಗೆ ತಂದು, “ಒಂದು ಚಮಚ ಉಳೀಲಿಲ್ಲ ಅತ್ತೆ” ಅಂದಿದ್ದರು. ಎರಡನೇ ವರ್ಷವೂ ಅದೇ ಕಥೆ. ನಿಂಬೆಗಿಡ ಆಳುದ್ದ ಬೆಳೆದಿತ್ತು. ಆಫೀಸಿನವರ ಈ ಪ್ರೀತಿ ಕಂಡು ಅತ್ತೆ ಈ ವರ್ಷ ದೊಡ್ಡ ಪಾತ್ರೆಯಲ್ಲೇ ಮಾಡಿದ್ದರು. ಅಂತೂ ಜಗತ್ತಿನಲ್ಲಿ ಆ ಮುದುಕಿಯ ಅಡುಗೆಗೆ ಆಸೆಪಡುವವರು ಅಂತ ಉಳಿದಿದ್ದವರು, ಅದನ್ನು ಒಂದು ದಿನವೂ ಕಣ್ಣಲ್ಲಿ ಕಾಣದ ಹನ್ನೆರಡು ಜನ ಸರ್ಕಾರಿ ನೌಕರರು.

ಮರುದಿನ ಬೆಳಿಗ್ಗೆ ರಾಯರು ಪಾತ್ರೆ ಹೊತ್ತು ಏದುಸಿರು ಬಿಡುತ್ತಾ ಹಿತ್ತಲಿಗೆ ಹೋಗಿ ನೋಡುತ್ತಾರೆ, ಗುಂಡಿಯೇ ಇಲ್ಲ! ರಜೆಯಲ್ಲಿ ಯಾರೋ ಅಲ್ಲಿಂದಿಲ್ಲಿಗೆ ಸಿಮೆಂಟು ಬಳಿದು, ಗಾಡಿ ನಿಲ್ಲಿಸಲು ಹಳದಿ ಗೆರೆ ಎಳೆದಿದ್ದರು. ನಿಂಬೆಗಿಡ ಮಾತ್ರ ನಡುವೆ ನಿಂತು ಇವರನ್ನು ನೋಡುತ್ತಿತ್ತು. ಅಷ್ಟರಲ್ಲಿ ಬೆನ್ನ ಹಿಂದೆ ನಿರ್ದೇಶಕರ ಬೂಟಿನ ಸದ್ದಾಯಿತು.

“ಏನ್ರೀ ಅದು?”

“ಒಳಗಿಡೋಕೆ ಸರ್.”

“ಒಳಗಿಡೋದನ್ನ ಹೊರಗ್ಯಾಕೆ ಹೊತ್ಕೊಂಡು ನಿಂತಿದೀರಿ? ನಡೀರಿ!”

ಊಟದ ಕೋಣೆಯ ಫ್ರಿಜ್ಜಿನಲ್ಲಿ ಸೂಜಿ ತೂರಿಸಲೂ ಜಾಗವಿರಲಿಲ್ಲ. ರಜೆಯ ಮರುದಿನ ಅಲ್ಲವೇ, ಪ್ರತಿಯೊಬ್ಬರೂ ಮನೆಯಲ್ಲಿ ಮಿಕ್ಕಿದ್ದನ್ನು ಡಬ್ಬಿ ಡಬ್ಬಿಯಾಗಿ ತಂದು ತುರುಕಿದ್ದರು. ನಿರ್ದೇಶಕರು ಇನ್ನೂ ಹಿಂದೆಯೇ ಬರುತ್ತಿದ್ದರು. ರಾಯರು ದಿಕ್ಕು ಕಾಣದೆ ಮಾದರಿಗಳ ಶೀತಲ ಕೋಣೆಯ ಬಾಗಿಲು ತೆಗೆದರು. ಆ ಕೋಣೆಗೆ ಚೀಟಿಯಿಲ್ಲದ ಪಾತ್ರೆ ಹೋಗುವಂತಿಲ್ಲ. ಅದು ರಾಯರೇ ಇಪ್ಪತ್ತೆಂಟು ವರ್ಷ ಕಾಪಾಡಿಕೊಂಡು ಬಂದ ಕಟ್ಟಳೆ. ತಲೆ ಬೇರೇನೋ ಯೋಚಿಸುತ್ತಿತ್ತು, ಕೈ ತನ್ನ ಪಾಡಿಗೆ ತಾನು ಬರೆಯಿತು: ‘ಸಂಖ್ಯೆ ೪೧೭. ವಸ್ತು: ಕುಂಬಳಕಾಯಿ, ಬೇಯಿಸಿದ್ದು. ತೂಕ: ನಾಲ್ಕು ಕೆ.ಜಿ. ಇನ್ನೂರು ಗ್ರಾಂ.’ ರಿಜಿಸ್ಟರಿನಲ್ಲಿ ತಯಾರಕರು ಎಂಬಲ್ಲಿ ‘ಅತ್ತೆ’ ಎಂದು ಬರೆದು ಮನೆಯ ವಿಳಾಸವನ್ನೂ ಹಾಕಿತು. ಮಧ್ಯಾಹ್ನ ಏನಾದರೂ ದಾರಿ ಹುಡುಕೋಣ ಎಂದುಕೊಂಡು ರಾಯರು ಕೌಂಟರಿಗೆ ಹೋದರು. ಅಲ್ಲಿ ರಜೆಯಲ್ಲಿ ಕೂಡಿಬಿದ್ದಿದ್ದ ಹಾಲು, ಎಣ್ಣೆ, ಜೇನುತುಪ್ಪಗಳ ಸಾಲು. ಕುಂಬಳಕಾಯಿ ನೆನಪಾದದ್ದು ಸಂಜೆ ಐದಕ್ಕೆ.

ಓಡಿಹೋಗಿ ನೋಡಿದರೆ ಪಾತ್ರೆಯ ನಡುವೆ ಚೊಕ್ಕವಾಗಿ ಒಂದು ಹಳ್ಳ. ಕೆಮಿಸ್ಟ್ ಮೇಡಂ ಪರೀಕ್ಷೆಗೆ ತೆಗೆದುಕೊಂಡಾಗಿತ್ತು. ಅವರಿಗೆ ಕಾಣುವುದು ಚೀಟಿ ಮಾತ್ರ, ಯಾರ ಮಾಲು ಎಂದು ಗೊತ್ತಾಗಬಾರದು ಎಂಬುದೇ ನಿಯಮ. ರಾಯರು ರಿಜಿಸ್ಟರು ತೆರೆದು ೪೧೭ರ ಮೇಲೆ ಪೆನ್ನು ಹಿಡಿದರು. ಒಂದು ಗೆರೆ ಎಳೆದರೆ ಮುಗಿಯಿತು. ಆದರೆ ಚಿತ್ತಿಲ್ಲದ ಕಾಟಿಲ್ಲದ ಇಪ್ಪತ್ತೆಂಟು ವರ್ಷ! ಕೈ ಏಳಲಿಲ್ಲ. ಪೆನ್ನಿನ ಮುಚ್ಚಳ ಹಾಕಿ ಬರಿಗೈಲಿ ಮನೆಗೆ ಹೋದರು.

“ಪಾತ್ರೆ ಎಲ್ಲಿ ಅಳಿಯಂದ್ರೇ?” ಎಂದು ಅತ್ತೆ ಬಾಗಿಲಲ್ಲೇ ಕೇಳಿದರು.

“ಇನ್ನೂ... ನೆಕ್ತಾ ಇದ್ದಾರೆ ಅತ್ತೆ.”

ಅತ್ತೆಯ ಮುಖ ಅರಳಿತು.

ಮೂರನೇ ದಿನ ವರದಿ ಬಂತು. ನಿರ್ದೇಶಕರು ಎಲ್ಲರನ್ನೂ ತಮ್ಮ ಕೋಣೆಗೆ ಕರೆದರು. ಕೆಮಿಸ್ಟ್ ಮೇಡಂ ಕನ್ನಡಕ ಏರಿಸಿಕೊಂಡು ಓದಿದರು.

“ಮಾದರಿ ನಾಲ್ಕುನೂರ ಹದಿನೇಳು. ಕ್ರಿಮಿ ಇಲ್ಲ. ಬಣ್ಣ ಬೆರೆಸಿಲ್ಲ. ಬೆಣ್ಣೆ ಒಳ್ಳೇದು. ಈರುಳ್ಳಿ ಇದೆ, ಮೆಣಸು ಇದೆ. ಉಪ್ಪು ಇಲ್ಲ.”

“ಕಡಿಮೆಯಾ?”

“ಇಲ್ಲವೇ ಇಲ್ಲ ಸರ್. ಅದರ ಬದಲು ಸಕ್ಕರೆ, ನೂರಕ್ಕೆ ಐದು ಪಾಲು. ಸಿಹಿ ಅನ್ನೋಣ ಅಂದ್ರೆ ಈರುಳ್ಳಿ, ಖಾರ ಅನ್ನೋಣ ಅಂದ್ರೆ ಸಕ್ಕರೆ. ಹತ್ತೊಂಬತ್ತು ವರ್ಷದಲ್ಲಿ ಇಂಥದ್ದು ನೋಡಿಲ್ಲ. ಯಾವ ವರ್ಗಕ್ಕೂ ಸೇರಲ್ಲ. ರುಚಿ ನೋಡೋಕೆ ಅಂತ ಸಹಾಯಕರಿಗೆ ಕೊಟ್ಟೆ, ಅವರು ರಜೆ ಹಾಕಿದ್ದಾರೆ.”

ನಿರ್ದೇಶಕರು ಮೇಜು ಗುದ್ದಿದರು. “ರಜೆಯ ಸಮಯದಲ್ಲಿ ಜನರ ತಟ್ಟೆಗೆ ಇಂಥದ್ದನ್ನ ಬಡಿಸ್ತಾರೆ! ಯಾರ್ರೀ ಈ ಕುಂಬಳಕಾಯಿ ಹಿಂದಿರೋರು?”

ರಾಯರ ಕೈ, ಅವರಿಗೇ ಅರಿವಿಲ್ಲದೆ, ಹೆಗಲ ಮೇಲೆ ಹೋಗಿ ಏನನ್ನೋ ಒರೆಸಿಕೊಂಡಿತು.

“ಏನ್ರೀ, ರಿಜಿಸ್ಟರು ನಿಮ್ಮ ಹತ್ರ ತಾನೇ ಇರೋದು? ಅಲ್ಲಿ ಎಷ್ಟು ಜನ ಕೆಲಸ ಮಾಡ್ತಾರೆ, ಗೊತ್ತಾ?”

“ಒಬ್ರೇ ಸರ್.”

“ಒಬ್ರೇ ನಾಲ್ಕು ಕೆಜಿ ಮಾಡ್ತಾರಾ? ಎಷ್ಟು ವರ್ಷದಿಂದ?”

“ಸುಮಾರು... ಐವತ್ತು ವರ್ಷದಿಂದ ಸರ್.”

“ಐವತ್ತು ವರ್ಷ! ನಮ್ಮ ಕಣ್ಣಿಗೆ ಬೀಳದೆ!” ನಿರ್ದೇಶಕರು ಕುರ್ಚಿಯಿಂದ ಎದ್ದೇಬಿಟ್ಟರು. “ಇನ್ಸ್‌ಪೆಕ್ಟರ್ ಈಗಲೇ ಹೊರಡ್ಲಿ. ನೀವು ನೋಟೀಸು ಬರೀರಿ.”

ರಾಯರು ತಮ್ಮ ಸ್ವಂತ ಅತ್ತೆಗೆ ಸರ್ಕಾರಿ ನೋಟೀಸು ಬರೆದರು. ಅಕ್ಷರ ಎಂದಿನಂತೆ ಮುತ್ತು ಪೋಣಿಸಿದ ಹಾಗಿತ್ತು. ಇನ್ಸ್‌ಪೆಕ್ಟರು ಅದನ್ನು ಹಿಡಿದು ಜೀಪಿನಲ್ಲಿ ಹೊರಟರು. ರಾಯರು ಹೊಟ್ಟೆನೋವು ಎಂದು ಅರ್ಜಿ ಬರೆದಿಟ್ಟು ಬಸ್ಸು ಹಿಡಿದರು. ಅರ್ಜಿಯೂ ಸುಳ್ಳಲ್ಲ. ಹೊಟ್ಟೆ ನಿಜಕ್ಕೂ ನೋಯುತ್ತಿತ್ತು.

ಬಸ್ಸು ಹದಿನಾಲ್ಕು ಕಡೆ ನಿಂತು ಬರುವ ಹೊತ್ತಿಗೆ ಬೀದಿಯ ತುಂಬಾ ಜನ. ಎದುರುಮನೆಯ ನಿವೃತ್ತ ಮೇಷ್ಟ್ರು ಎಲ್ಲರಿಗೂ ವಿವರಣೆ ಕೊಡುತ್ತಿದ್ದರು. “ನಾನು ಮೊದಲೇ ಅಂದ್ಕೊಂಡಿದ್ದೆ. ಇಬ್ಬರು ಹೆಂಗಸರಿರೋ ಮನೆಗೆ ಅಷ್ಟು ದೊಡ್ಡ ಪಾತ್ರೆ ಯಾಕೆ? ಕಾರ್ಖಾನೆ! ಒಳಗೊಳಗೇ ಕಾರ್ಖಾನೆ ನಡೀತಿದೆ!” ರಾಯರನ್ನು ಕಂಡು ಅವರು ಭುಜ ತಟ್ಟಿದರು. “ಧೈರ್ಯವಾಗಿರಿ ಸ್ವಾಮಿ. ನಿಮ್ಮ ಕೈವಾಡ ಇಲ್ಲ ಅಂತ ನಾನು ಸಾಕ್ಷಿ ಹೇಳ್ತೀನಿ.”

ಅಡುಗೆಮನೆಯಲ್ಲಿ ಇನ್ಸ್‌ಪೆಕ್ಟರು ಜೇಬಿನಿಂದ ಸಣ್ಣ ಚಮಚ ತೆಗೆದು ಹಲಗೆಯ ಮೇಲಿನ ಡಬ್ಬಿಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಿದ್ದರು. ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಅತ್ತೆ ನೋಟೀಸನ್ನು ಕಣ್ಣಿನ ಹತ್ತಿರ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದರು.

“ನೀವು ಉಪ್ಪೇ ಹಾಕಲ್ವಾ ಅಮ್ಮ?” ಎಂದು ಇನ್ಸ್‌ಪೆಕ್ಟರು ಕೇಳಿದರು.

“ಯಾಕೆ ಹಾಕಲ್ಲ? ಮೂರು ಚಮಚ ಹಾಕ್ತೀನಿ. ಒಲೆ ಪಕ್ಕದ ಉಪ್ಪಿನ ಜಾಡಿ ಮಗಳು ದಿನಾ ಬಳಸೋದು, ಅದಕ್ಕೆ ನಾನು ಕೈ ಹಾಕಲ್ಲ. ಮೇಲಿನ ಡಬ್ಬಿಯಿಂದ ತಗೊಳ್ತೀನಿ. ಅಳಿಯಂದ್ರು ಚೀಟಿ ಬರೆದಿಟ್ಟಿದ್ದಾರಲ್ಲ!”

ಇನ್ಸ್‌ಪೆಕ್ಟರು ಮೂರನೇ ಡಬ್ಬಿ ಇಳಿಸಿದರು. ಚೀಟಿಯಲ್ಲಿ ದಪ್ಪಗೆ ‘ಉಪ್ಪು’ ಎಂದಿತ್ತು. ಚಮಚದ ತುದಿಯಲ್ಲಿ ಒಂದಿಷ್ಟು ಬಾಯಿಗಿಟ್ಟು ಕಣ್ಣು ಮುಚ್ಚಿದರು. ಇನ್ನೊಂದಿಷ್ಟು ಇಟ್ಟರು.

“ಸಕ್ಕರೆ!”

“ಮತ್ತೇನು?” ಎಂದಳು ಹೆಂಡತಿ ಸೆರಗು ಇಳಿಸಿ. “ಅದು ಕೇಕಿಗೆ ಇಟ್ಟಿರೋ ಪುಡಿ ಸಕ್ಕರೆ. ಮೂರನೇ ಡಬ್ಬೀಲಿ ಯಾವತ್ತೂ ಸಕ್ಕರೇನೇ ಇರೋದು. ಉಪ್ಪು ನಾಲ್ಕನೇದು, ನೋಡೋಕೆ ಎರಡೂ ಒಂದೇ ಥರ.”

“ಸುಳ್ಳು ಚೀಟಿ ಅಂಟಿಸಿರೋದು ದೊಡ್ಡ ಅಪರಾಧ” ಎಂದು ಇನ್ಸ್‌ಪೆಕ್ಟರು ಗಂಭೀರವಾಗಿ ಡಬ್ಬಿಯನ್ನು ಬೆಳಕಿಗೆ ಹಿಡಿದರು. “ಯಾರು ಬರೆದಿದ್ದು? ಓಹೋ, ರುಜುನೂ ಇದೆ, ತಾರೀಖೂ ಇದೆ. ಈ ಗುಂಡಗಿನ ಅಕ್ಷರ ನಾನು ಎಲ್ಲೋ...” ಎಂದವರು ಒಂದು ಕೈಯಲ್ಲಿ ಡಬ್ಬಿ, ಇನ್ನೊಂದರಲ್ಲಿ ನೋಟೀಸು ಹಿಡಿದು ಎರಡನ್ನೂ ಹೋಲಿಸಿದರು. ಆಮೇಲೆ ನಿಧಾನವಾಗಿ ತಲೆಯೆತ್ತಿ ಬಾಗಿಲ ಕಡೆ ನೋಡಿದರು. ಬಾಗಿಲಲ್ಲಿ ಚೀಟಿರಾಯರು.

ಕಾಗದದ ಮೇಲೆ ಸುಳ್ಳು ಬರೆಯದ ಮನುಷ್ಯ ಮೂರು ವರ್ಷದಿಂದ ಸುಳ್ಳನ್ನು ಗೋಂದು ಹಚ್ಚಿ, ರುಜು ಹಾಕಿ, ಅಡುಗೆಮನೆಯ ಹಲಗೆಯ ಮೇಲೆ ಇಟ್ಟಿದ್ದರು.

ಅತ್ತೆ ಎದ್ದು ಬಂದರು. ಬೆರಳಿನಿಂದ ಡಬ್ಬಿಯ ಪುಡಿ ಮುಟ್ಟಿ ನಾಲಿಗೆಗೆ ಇಟ್ಟುಕೊಂಡರು. ಕಣ್ಣಲ್ಲಿ ನೀರು ಬಂತು. ಆದರೆ ಅತ್ತೆ ನಗುತ್ತಿದ್ದರು.

“ಸಿಹಿ! ಸಿಹಿ ಇದೆ! ನನಗೆ ಮೊದಲನೇ ವರ್ಷವೇ ಸಿಹಿ ಅನ್ನಿಸಿತ್ತು! ನೀವೆಲ್ಲಾ ಸೇರಿ ಅದ್ಭುತ, ಅಮೋಘ ಅಂದ್ರಿ. ಸರಿ, ನನ್ನ ನಾಲಿಗೇನೇ ಸತ್ತೋಗಿದೆ ಅಂದ್ಕೊಂಡೆ. ಮೂರು ವರ್ಷ ಯಾರಿಗೂ ಹೇಳದೆ ಒಬ್ಬಳೇ ಒಳಗೊಳಗೇ ಕೊರಗಿದ್ದೀನಿ. ನಾಲಿಗೆ ಹೋಯ್ತು, ಇನ್ನು ಕಣ್ಣು, ಕಿವಿ, ಹೀಗೇ ಒಂದೊಂದೇ ಹೋಗೋದು ಅಂತ. ನನ್ನ ನಾಲಿಗೆ ಸರಿಯಾಗೇ ಇದೆಯಲ್ಲೋ!”

ಹೆಂಡತಿ ತಾಯಿಯನ್ನು ತಬ್ಬಿಕೊಂಡು ಅತ್ತಳು. ಇನ್ಸ್‌ಪೆಕ್ಟರು ಗೋಡೆಯ ಕಡೆ ತಿರುಗಿ, ಅಲ್ಲಿದ್ದ ‘ಗಡಿಯಾರ, ಐದು ನಿಮಿಷ ಮುಂದೆ’ ಎಂಬ ಚೀಟಿಯನ್ನು ಬಹಳ ಹೊತ್ತು ಓದಿದರು.

ಸಂತೋಷದ ನಡುವೆಯೇ ಅತ್ತೆಗೆ ಏನೋ ಹೊಳೆಯಿತು. “ಹಾಗಾದ್ರೆ ಅಳಿಯಂದ್ರೇ, ನಿಮ್ಮ ಆಫೀಸಿನವರು ಇದನ್ನ ಹೇಗೆ ತಿಂದ್ರು?”

ರಾಯರು ನೆಲ ನೋಡಿದರು. “ತಿಂದಿಲ್ಲ ಅತ್ತೆ. ನಿಂಬೆಗಿಡದ ಬುಡಕ್ಕೆ ಹಾಕ್ತಿದ್ದೆ. ನಿಮ್ಮ ಮುಖ ಸಪ್ಪಗಾಗೋದನ್ನ ನೋಡೋಕಾಗ್ಲಿಲ್ಲ.”

ಅತ್ತೆ ಬೆರಳಿನ ಸಕ್ಕರೆಯನ್ನು ಸೆರಗಿಗೆ ಒರೆಸಿಕೊಂಡರು. “ಆ ಗಿಡಕ್ಕಾದ್ರೂ ಹಿಡಿಸ್ತಾ?”

“ಆಳುದ್ದ ಬೆಳೆದಿದೆ ಅತ್ತೆ.”

“ಅದಕ್ಕೊಂದಕ್ಕೆ ಮರ್ಯಾದೆ ಗೊತ್ತು” ಎಂದು ಅತ್ತೆ ನೋಟೀಸನ್ನು ಮತ್ತೆ ಕೈಗೆತ್ತಿಕೊಂಡರು. “ಇಲ್ಲಿ ಕೆಳಗೆ ಏನೋ ಬರೆದಿದೆಯಲ್ಲ, ‘ತಯಾರಕರು ಮೂವತ್ತು ದಿನದೊಳಗೆ ಹೊಸ ಮಾದರಿ ಕೊಟ್ಟು ಮರುಪರೀಕ್ಷೆ ಕೇಳಬಹುದು’ ಅಂತ. ಇದಾದ್ರೂ ನಿಜವಾ? ಇಲ್ಲ, ಇದೂ ಮೂರನೇ ಡಬ್ಬೀನಾ?”

“ನಿಜ ಅಮ್ಮ” ಎಂದರು ಇನ್ಸ್‌ಪೆಕ್ಟರು.

“ಹಾಗಾದ್ರೆ ಕೇಳ್ತೀನಿ. ಮಗಳೇ, ನಾಲ್ಕನೇ ಡಬ್ಬಿ ಇಳಿಸು.”

ಮರುದಿನ ಹನ್ನೊಂದು ಗಂಟೆಗೆ ಅತ್ತೆ ಅಷ್ಟೇ ದೊಡ್ಡ ಪಾತ್ರೆಯೊಂದಿಗೆ ಕೌಂಟರಿಗೆ ಬಂದು ಸಾಲಿನಲ್ಲಿ ನಿಂತರು. ರಾಯರು ಆಚೆ ಬದಿಯಿಂದ, “ವಸ್ತು ಏನು?” ಎಂದು ನಿಯಮದಂತೆ ಕೇಳಿದರು.

“ಕುಂಬಳಕಾಯಿ. ಕಣ್ಣು ಬಿಟ್ಕೊಂಡು ಬರೀರಿ.”

ವಿಷಯ ತಿಳಿದ ನಿರ್ದೇಶಕರು ಮೊದಲು ಕೂಗಾಡಿದರು. ಸರ್ಕಾರಿ ಶೀತಲ ಕೋಣೆಯಲ್ಲಿ ಮನೆಯ ಪಾತ್ರೆ ಇಟ್ಟದ್ದಕ್ಕೆ ರಾಯರಿಂದ ಎರಡು ಪುಟದ ವಿವರಣೆ ಬರೆಸಿಕೊಂಡರು. ಮರುಪರೀಕ್ಷೆ ಸಾಧ್ಯವೇ ಇಲ್ಲ ಅಂದರು. ಇನ್ಸ್‌ಪೆಕ್ಟರು ನಿಯಮದ ಪುಸ್ತಕ ತೆರೆದು ತೋರಿಸಿದರು. ನಿಯಮ ಎಂದ ಮೇಲೆ ನಿರ್ದೇಶಕರೂ ತಲೆಬಾಗಲೇಬೇಕು.

ಮಾದರಿ ಸಂಖ್ಯೆ ೪೪೦ರಿಂದ ಕೆಮಿಸ್ಟ್ ಮೇಡಂ ನೂರು ಗ್ರಾಂ ತೆಗೆದುಕೊಂಡು ಹೋದರು. ಅರ್ಧ ಗಂಟೆಗೆ ತಿರುಗಿ ಬಂದು, “ಉಪ್ಪು ಸರಿಯಾಗಿದೆ. ಆದ್ರೂ ಖಚಿತ ಮಾಡ್ಕೋಬೇಕು” ಎಂದು ಇನ್ನೂರು ಗ್ರಾಂ ಒಯ್ದರು. ಈ ಸಲ ಜೊತೆಗೆ ಬ್ರೆಡ್ಡೂ ಹೋಯಿತು. ರಜೆಯ ಮೇಲಿದ್ದ ಸಹಾಯಕರಿಗೆ ಯಾರು ಫೋನು ಮಾಡಿದರೋ, ಅವರೂ ಬಂದು ಕೆಲಸಕ್ಕೆ ಹಾಜರಾದರು. ಹಾಲಿನ ವಿಭಾಗದವರು, ಇದರಲ್ಲಿ ಬೆಣ್ಣೆ ಇರುವುದರಿಂದ ಇದು ತಮಗೂ ಸಂಬಂಧಪಟ್ಟದ್ದು ಎಂದು ಪಾತ್ರೆಯ ಹತ್ತಿರ ಬಂದರು. ಎಣ್ಣೆಯ ವಿಭಾಗದವರು ಕಾರಣ ಹೇಳುವ ಗೋಜಿಗೂ ಹೋಗಲಿಲ್ಲ. ಫ್ರಿಜ್ಜಿನಲ್ಲಿದ್ದ ಡಬ್ಬಿಗಳೆಲ್ಲಾ ಒಂದೊಂದಾಗಿ ಹೊರಬಂದು ಮೇಜಿನ ಮೇಲೆ ಕೂತವು. ಯಾರದೋ ಮನೆಯ ಹುರಿದ ಕೋಳಿ, ಇನ್ನಾರದೋ ಬೀನ್ಸು, ಮತ್ತೊಬ್ಬರ ಸೇಬಿನ ಹೋಳು. ತಂತಮ್ಮ ಮಿಕ್ಕಿದ್ದನ್ನು ತಾವೇ ಮೂಲೆಯಲ್ಲಿ ಕೂತು ತಿನ್ನುತ್ತಿದ್ದ ಆಫೀಸು, ಇದೇ ಮೊದಲ ಸಲ ಒಂದೇ ಮೇಜಿಗೆ ಬಂತು.

ಕಡೆಗೆ ನಿರ್ದೇಶಕರು ಕೋಣೆಯಿಂದ ಹೊರಬಂದರು. “ಏನ್ರೀ ಇದು, ಪರೀಕ್ಷೆನಾ ಜಾತ್ರೆನಾ?” ಎಂದು ಗದರಿ, “ಅಧಿಕಾರಿಯಾಗಿ ನಾನೂ ನೋಡ್ಲೇಬೇಕು” ಎಂದು ಒಂದು ಚಮಚ ಬಾಯಿಗಿಟ್ಟರು. ಮತ್ತೊಂದು ಚಮಚ ಇಟ್ಟರು.

“ಅಮ್ಮ, ಈರುಳ್ಳಿ ಎಷ್ಟು ಹೊತ್ತು ಹುರೀತೀರಿ?”

“ನೀವು ಸಹನೆ ಕಳ್ಕೊಳ್ಳೋವರೆಗೂ, ಆಮೇಲೆ ಇನ್ನೂ ಐದು ನಿಮಿಷ” ಎಂದರು ಅತ್ತೆ, ಕೌಂಟರಿನ ಒಳಗೆ ರಾಯರ ಕುರ್ಚಿಯಲ್ಲಿ ಕೂತು.

ಮಧ್ಯಾಹ್ನ ಎರಡಕ್ಕೆ ವರದಿ ಬಂತು. ‘ಎಲ್ಲ ವಿಧದಲ್ಲೂ ಯೋಗ್ಯ.’ ರಾಯರು ರಿಜಿಸ್ಟರು ತೆರೆದು, ಕಡೇ ಕಾಲಮ್ಮಿನಲ್ಲಿ ಗುಂಡಗಿನ ಅಕ್ಷರದಲ್ಲಿ ಬರೆದರು: ‘ಉಳಿಕೆ: ಇಲ್ಲ.’ ರುಜು ಹಾಕಿ ಅತ್ತೆಯ ಕಡೆ ತಿರುಗಿಸಿದರು.

ಅತ್ತೆ ಅದನ್ನು ಎರಡು ಸಲ ಓದಿದರು. ಆದರೆ ಅವರೀಗ ಅಳಿಯನ ಅಕ್ಷರವನ್ನು ಸುಮ್ಮಸುಮ್ಮನೆ ನಂಬುವ ಹೆಂಗಸಾಗಿ ಉಳಿದಿರಲಿಲ್ಲ. ಎದ್ದು ಹೋಗಿ ಪಾತ್ರೆಯೊಳಗೆ ಬಗ್ಗಿ ನೋಡಿದರು. ಬೆರಳಿನಿಂದ ತಳವನ್ನು ಒಂದು ಸುತ್ತು ಸವರಿ, ಆ ಬೆರಳನ್ನು ಕಿಟಕಿಯ ಬೆಳಕಿಗೆ ಹಿಡಿದರು. ಬೆರಳಿಗೆ ಏನೂ ಅಂಟಿರಲಿಲ್ಲ.

“ಈ ಸಲ ಸರಿಯಾಗಿ ಬರೆದಿದ್ದೀರಿ” ಅಂದರು ಅತ್ತೆ.